ಹೆಬ್ಬೆಟ್ಟಿನಿಂದ ಕಣ್ಣಿನವರೆಗೆ: ಗುರುತಿನ ಚರಿತ್ರೆ

ಚಿಕ್ಕಮಗಳೂರು ಜಿಲ್ಲೆಯ ಅಂತರಘಟ್ಟೆ ದುರ್ಗಾಂಬಾ ದೇವಿಯ ಜಾತ್ರೆಗೆ ಹೆಸರಾದ ಊರು. 1990ರ ದಶಕದಲ್ಲಿ ಅಲ್ಲಿನ ರೈತನಿಗೆ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರನ್ನೇ ಹುಡುಕಿಕೊಂಡು ಹೋಗಬೇಕಿತ್ತು. ರಾಜ್ಯದ ಎಲ್ಲ ಊರುಗಳ ಪರಿಸ್ಥಿತಿಯೂ ಇದೇ ಆಗಿತ್ತು. ಸುಮಾರು ಒಂಬತ್ತು ಸಾವಿರ ಲೆಕ್ಕಿಗರ ಬಳಿ ಕೈಬರಹದ ಪುಸ್ತಕಗಳಿದ್ದವು. ಅವುಗಳಲ್ಲಿ ಯಾರಾದರೂ ಹೆಸರನ್ನು ತಿದ್ದಿದರೆ, ತಿದ್ದಿದವರು ಯಾರೆಂದು ಪತ್ತೆ ಹಚ್ಚುವುದು ಕಷ್ಟವಾಗಿತ್ತು.

ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ‘ಭೂಮಿ’ ಯೋಜನೆಯನ್ನು ಜಾರಿಗೆ ತಂದದ್ದು 2000-2002ರ ಅವಧಿಯಲ್ಲಿ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. 177 ತಾಲ್ಲೂಕು ಕೇಂದ್ರಗಳಲ್ಲಿ ಅಂದು 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯುವಂತಾಯಿತು. ಇಷ್ಟು ಎಲ್ಲರಿಗೂ ತಿಳಿದ ಸಂಗತಿ. ಆ ಯಂತ್ರದ ಪಕ್ಕದಲ್ಲಿ ಒಂದು ಪುಟ್ಟ ಬೆರಳಚ್ಚು ಉಪಕರಣವೂ ಇತ್ತೆಂಬುದು ಅನೇಕರಿಗೆ ತಿಳಿಯದು. ದಾಖಲೆಯ ಮೇಲೆ ಕೆಲಸ ಮಾಡುವ ಸಿಬ್ಬಂದಿ ಅದರ ಮೇಲೆ ಬೆರಳಿಟ್ಟೇ ವ್ಯವಸ್ಥೆಯೊಳಗೆ ಹೋಗಬೇಕಿತ್ತು. ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಿಬಿಡಬಹುದು, ಬೆರಳನ್ನು ಎರವಲು ಕೊಡಲಾಗದು. ಹೀಗಾಗಿ ‘ಇದನ್ನು ನಾನು ಮಾಡಲಿಲ್ಲ’ ಎಂದು ಹೇಳುವುದು ಸುಲಭವಾಗಿ ಉಳಿಯಲಿಲ್ಲ. ಅದುವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದವನು ರೈತ. ಇಲ್ಲಿ ಬೆರಳೊತ್ತಿ ಗುರುತು ಸಾಬೀತು ಮಾಡಬೇಕಾದವನು ಅಧಿಕಾರಿ!

ಅಂಗೈ ಗುರುತಿನ ಕರಾರು

‘ನಾನಲ್ಲ’ ಎಂಬ ಮಾತನ್ನು ತಡೆಯುವ ಉದ್ದೇಶದಿಂದಲೇ ಆಧುನಿಕ ಬೆರಳಚ್ಚಿನ ಚರಿತ್ರೆ ಆರಂಭವಾಯಿತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆ ಸಾಮಗ್ರಿ ಪೂರೈಸುವ ಕರಾರಿನ ಮೇಲೆ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈ ಗುರುತನ್ನು ಪಡೆದ. ಮುಂದೆ ತನ್ನ ಬೆರಳ ಗುರುತುಗಳನ್ನೇ ವರ್ಷಗಟ್ಟಲೆ ಸಂಗ್ರಹಿಸಿ, ಗೆರೆಗಳ ವಿನ್ಯಾಸ ವಯಸ್ಸಿನೊಂದಿಗೆ ಬದಲಾಗದೆಂದು ಕಂಡುಕೊಂಡ. 1880ರಲ್ಲಿ ಹೆನ್ರಿ ಫಾಲ್ಡ್ಸ್ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಅಪರಾಧಿಗಳ ಪತ್ತೆಗೆ ಬೆರಳ ಗುರುತು ನೆರವಾಗಬಲ್ಲದೆಂದು ಸೂಚಿಸಿದ. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಈ ವಿಷಯದ ಮೇಲೆ ಗ್ರಂಥವನ್ನೇ ಪ್ರಕಟಿಸಿದ.

ಆದರೆ ಸಾವಿರಾರು ಗುರುತುಗಳ ರಾಶಿಯಲ್ಲಿ ಬೇಕಾದ ಒಂದನ್ನು ಹುಡುಕುವುದು ಹೇಗೆ? ಇದಕ್ಕೆ ಕಲ್ಕತ್ತೆಯಲ್ಲಿ ಉತ್ತರ ದೊರೆಯಿತು. ಹತ್ತೂ ಬೆರಳುಗಳ ವಿನ್ಯಾಸವನ್ನು ಅಂಕಿಗಳಾಗಿಸಿ 1024 ಗುಂಪುಗಳಲ್ಲಿ ವಿಂಗಡಿಸುವ ಕ್ರಮವನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಪ್ರಮುಖ ಪಾತ್ರ ವಹಿಸಿದರು. 1897ರಲ್ಲಿ ಅಲ್ಲಿ ಬೆರಳಚ್ಚು ಕೇಂದ್ರ ಸ್ಥಾಪನೆಯಾಯಿತು. ಪದ್ಧತಿಗೆ ಅಂಟಿದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು.

ಕಣ್ಣೊಳಗಿನ ನಾಣ್ಯಗಳು

ಪಾಪೆಯ ಸುತ್ತಲಿನ ಬಣ್ಣದ ಪಟಲವೇ ಐರಿಸ್. ಅದನ್ನು ಗುರುತಿಗೆ ಬಳಸಬಹುದೆಂದು ಫ್ರಾಂಕ್ ಬರ್ಚ್ ಎಂಬ ನೇತ್ರವೈದ್ಯ 1936ರಲ್ಲೇ ಸೂಚಿಸಿದ್ದ. ಫ್ಲಾಮ್ ಮತ್ತು ಸಫೀರ್ 1987ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದನ್ನು ಗಣಿತದ ವಿಧಾನವನ್ನಾಗಿ ಮಾಡಿದವರು ಕೇಂಬ್ರಿಜ್‌ನ ಜಾನ್ ಡಾಗ್‌ಮನ್. ಅವರ ಪೇಟೆಂಟಿನ ವರ್ಷ 1994.

ಈ ವಿಧಾನದಲ್ಲಿ ಐರಿಸ್‌ನ ವಿನ್ಯಾಸ 2048 ಸೊನ್ನೆ-ಒಂದುಗಳ ಸಾಲಾಗುತ್ತದೆ. ಇಬ್ಬರು ಬೇರೆ ವ್ಯಕ್ತಿಗಳ ಸಾಲುಗಳನ್ನು ಹೋಲಿಸಿದರೆ ಸರಿಸುಮಾರು ಅರ್ಧದಷ್ಟು ಸ್ಥಾನಗಳಲ್ಲಿ ವ್ಯತ್ಯಾಸವಿರುತ್ತದೆ. ಅಕ್ಕಪಕ್ಕದ ಅಂಕಿಗಳ ನಡುವೆ ನಂಟಿರುವುದರಿಂದ ಇದು ಸುಮಾರು 249 ನಾಣ್ಯಗಳನ್ನು ಚಿಮ್ಮಿದ್ದಕ್ಕೆ ಸಮ. ಅಷ್ಟೂ ನಾಣ್ಯಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ತಲೆ ಬೀಳುವ ಸಂಭವ ದಶಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ. ಆದ್ದರಿಂದ ವ್ಯತ್ಯಾಸ ಸುಮಾರು ಮೂರನೇ ಒಂದಕ್ಕಿಂತ ಕಡಿಮೆಯಿದ್ದರೆ ಎರಡೂ ಒಂದೇ ಕಣ್ಣು ಎಂದು ಯಂತ್ರ ತೀರ್ಮಾನಿಸುತ್ತದೆ. ನಮ್ಮ ಕಂದು ಕಣ್ಣುಗಳಲ್ಲಿ ಮೆಲನಿನ್ ಹೆಚ್ಚಾಗಿದ್ದು, ಗೋಚರ ಬೆಳಕಿನಲ್ಲಿ ಈ ವಿನ್ಯಾಸ ಸ್ಪಷ್ಟವಾಗಿ ಕಾಣದು. ಅದಕ್ಕೇ ಉಪಕರಣಗಳು ಅವಕೆಂಪು ಬೆಳಕನ್ನು ಬಳಸುತ್ತವೆ.

ತಲೆಗೇರಿದ ಪರದೆ

1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ತಲೆಗೆ ಧರಿಸುವ ಪರದೆಯೊಂದನ್ನು ಪ್ರದರ್ಶಿಸಿದ. ಅದಕ್ಕೆ ಜೋಡಿಸಿದ ಯಾಂತ್ರಿಕ ತೋಳು ಛಾವಣಿಯಿಂದ ತೂಗುತ್ತಿತ್ತು. ಇಂದು ಅಂತಹ ಪರದೆ ಕನ್ನಡಕದಂತೆ ಹಣೆಯ ಮೇಲೆ ಕೂರುತ್ತದೆ. ಅದರಲ್ಲಿ ಕೀಲಿಮಣೆಯಿಲ್ಲ. ಗಾಳಿಯಲ್ಲಿ ಬೆರಳಾಡಿಸಿ ಗುಪ್ತಸಂಖ್ಯೆ ಒತ್ತಿದರೆ ಪಕ್ಕದವರಿಗೆ ಕಾಣುತ್ತದೆ. ಆದರೆ ಕಣ್ಣು ಕ್ಯಾಮೆರಾದ ಎದುರಿಗೇ ಇರುತ್ತದಲ್ಲ! 2019ರ ಹೋಲೋಲೆನ್ಸ್-2 ಮತ್ತು 2024ರಲ್ಲಿ ಮಾರಾಟಕ್ಕೆ ಬಂದ ಆಪಲ್ ವಿಷನ್ ಪ್ರೊ ಐರಿಸ್ ನೋಡಿಯೇ ಧರಿಸಿದವರನ್ನು ಗುರುತಿಸಿದವು.

ಕಣ್ಣಿನ ಹೊರತಾಗಿ ಬೇರೆ ದಾರಿಯೂ ಇದೆ. 2016ರಲ್ಲಿ ಜರ್ಮನಿಯ ಸಂಶೋಧಕರು ಗೂಗಲ್ ಗ್ಲಾಸ್‌ನಿಂದ ತಲೆಬುರುಡೆಯ ಮೂಲಕ ಶಬ್ದ ಹಾಯಿಸಿ, ಅದು ಬದಲಾಗುವ ರೀತಿಯಿಂದ ವ್ಯಕ್ತಿಯನ್ನು ಗುರುತಿಸಿದರು. ಹತ್ತು ಜನರ ಮೇಲೆ ನಡೆದ ಈ ಪ್ರಯೋಗದಲ್ಲಿ ಶೇಕಡಾ 97ರಷ್ಟು ಯಶಸ್ಸು ದೊರೆಯಿತು. ಹತ್ತು ಜನರ ಫಲಿತಾಂಶವನ್ನು ಕೋಟಿ ಜನರಿಗೆ ಅನ್ವಯಿಸಲಾಗದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಬೆರಳು ಸವೆದರೆ?

ಸೆಪ್ಟೆಂಬರ್ 29, 2010ರಂದು ಮಹಾರಾಷ್ಟ್ರದ ತೆಂಭಲಿಯಲ್ಲಿ ಮೊದಲ ಆಧಾರ್ ಸಂಖ್ಯೆ ವಿತರಣೆಯಾಯಿತು. ಅದರಲ್ಲಿ ಹತ್ತು ಬೆರಳು, ಎರಡು ಐರಿಸ್ ಮತ್ತು ಭಾವಚಿತ್ರ ದಾಖಲಾಗುತ್ತವೆ. ಗೆರೆಗಳ ವಿನ್ಯಾಸ ಬದಲಾಗದೆಂದು ಹರ್ಷೆಲ್ ಹೇಳಿದ್ದು ನಿಜ. ಆದರೆ ಗುದ್ದಲಿ ಹಿಡಿದ ಕೈಯ ಗೆರೆಗಳು ಸವೆಯುತ್ತವೆ, ಮುಪ್ಪಿನಲ್ಲಿ ಚರ್ಮ ಒಣಗುತ್ತದೆ. ಪಡಿತರದ ಸಾಲಿನಲ್ಲಿ ನಿಂತ ಅಜ್ಜಿಯ ಬೆರಳನ್ನು ಯಂತ್ರ ಒಪ್ಪದಿದ್ದರೆ ಅದು ತಾಂತ್ರಿಕ ದೋಷ ಮಾತ್ರವಲ್ಲ, ಅಂದಿನ ಅನ್ನದ ಪ್ರಶ್ನೆ. ಅದಕ್ಕೇ ಐರಿಸ್, ಮುಖ, ಮೊಬೈಲ್ ಸಂಖ್ಯೆಗಳಂತಹ ಪರ್ಯಾಯಗಳು ಅಗತ್ಯ. ಯಂತ್ರವನ್ನು ಬಿಗಿ ಮಾಡಿದರೆ ನಿಜವಾದವರೂ ಹೊರಗುಳಿಯುತ್ತಾರೆ, ಸಡಿಲಿಸಿದರೆ ಮೋಸಗಾರರು ಒಳಗೆ ಬರುತ್ತಾರೆ. ಯಾವ ತಪ್ಪನ್ನು ಎಷ್ಟು ಸಹಿಸಬೇಕೆಂದು ನಿರ್ಧರಿಸಬೇಕಾದವರು ಮನುಷ್ಯರೇ.

ಇನ್ನೊಂದು ತೊಡಕೂ ಇದೆ. ಕದ್ದುಹೋದ ಗುಪ್ತಪದವನ್ನು ಬದಲಾಯಿಸಬಹುದು, ಕಣ್ಣನ್ನು ಬದಲಾಯಿಸಲಾಗದು. ಆದ್ದರಿಂದ ಐರಿಸ್‌ನ ಮಾಹಿತಿ ಎಲ್ಲಿರುತ್ತದೆ ಎಂಬುದು ಮುಖ್ಯ. ವಿಷನ್ ಪ್ರೊದಲ್ಲಿ ಅದು ಗೂಢಲಿಪಿಯಲ್ಲಿ ಉಪಕರಣದೊಳಗೇ ಉಳಿಯುತ್ತದೆ, ಆಧಾರ್‌ನಲ್ಲಿ ಕೇಂದ್ರ ಸಂಗ್ರಹದಲ್ಲಿರುತ್ತದೆ. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಪ್ರಕರಣದಲ್ಲಿ ಆಗಸ್ಟ್ 24, 2017ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2018ರಲ್ಲಿ ನ್ಯಾಯಾಲಯ ಕೆಲವು ಮಿತಿಗಳೊಂದಿಗೆ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು.

ತರಗತಿಯಲ್ಲಿ ಒಂದು ಚಟುವಟಿಕೆ ಮಾಡಬಹುದು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಬಲೂನಿನ ಮೇಲೆ ಒತ್ತಿ, ಒಣಗಿದ ನಂತರ ಊದಿ. ಹಿಗ್ಗಿದ ಗೆರೆಗಳಲ್ಲಿ ಕಮಾನು, ಕುಣಿಕೆ, ಸುಳಿ ಯಾವುದಿದೆ ಎಂದು ನೋಡಿ. ಬಳಿಕ ಮಕ್ಕಳಿಗೆ ಈ ಪ್ರಶ್ನೆ ಕೇಳಿ: ಬೆರಳಚ್ಚು ಕೇಳುವ ಯಂತ್ರದ ಮುಂದೆ ಯಾರು ಯಾರಿಗೆ ತಮ್ಮ ಗುರುತು ಸಾಬೀತು ಮಾಡುತ್ತಿದ್ದಾರೆ?