ಮನೋಹರಪುರದ ಗುಂಪು ಮತ್ತು ಗ್ಲಾಡಿಸ್ ಕೊಟ್ಟ ಕ್ಷಮೆ

ಒಡಿಶಾದ ಕಿಯೋಂಜಾರ್ ಜಿಲ್ಲೆಯಲ್ಲಿ ಮನೋಹರಪುರ ಅಂತ ಒಂದು ಊರಿದೆ. ಆದಿವಾಸಿಗಳ ಸಣ್ಣ ಊರು. 1999ರ ಜನವರಿ 22ರ ರಾತ್ರಿ ಅಲ್ಲಿನ ಚರ್ಚ್ ಮುಂದೆ ನಿಲ್ಲಿಸಿದ್ದ ಗಾಡಿಯೊಂದರಲ್ಲಿ ಮೂವರು ಮಲಗಿದ್ದರು. ಆಸ್ಟ್ರೇಲಿಯಾ ಮೂಲದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳು. ಫಿಲಿಪ್‌ಗೆ 10 ವರ್ಷ, ತಿಮೋಥಿಗೆ 6. ಪ್ರತಿ ವರ್ಷ ಅಲ್ಲಿ ನಡೆಯುತ್ತಿದ್ದ ಕ್ರೈಸ್ತರ ಶಿಬಿರಕ್ಕೆ ಬಂದಿದ್ದರು.

ನಡುರಾತ್ರಿ ದಾಟಿದ ಮೇಲೆ ಗುಂಪೊಂದು ಘೋಷಣೆ ಕೂಗುತ್ತಾ ಬಂತು. ಗಾಡಿಗೆ ಬೆಂಕಿ ಇಟ್ಟಿತು. ಒಳಗಿದ್ದವರನ್ನು ಹೊರಗೆ ಬರಲು ಬಿಡಲಿಲ್ಲ. ಅಪ್ಪ, ಮಕ್ಕಳು ಮೂವರೂ ಸುಟ್ಟು ಹೋದರು.

ಸ್ಟೇನ್ಸ್ 1965ರಿಂದಲೂ ಒಡಿಶಾದಲ್ಲೇ ಇದ್ದವರು. ಪಕ್ಕದ ಮಯೂರ್‌ಭಂಜ್ ಜಿಲ್ಲೆಯ ಬಾರಿಪದದಲ್ಲಿ ಕುಷ್ಠರೋಗಿಗಳ ಆಶ್ರಮ ನೋಡಿಕೊಳ್ಳುತ್ತಿದ್ದರು. ಮನೆಯವರೇ ದೂರ ಮಾಡಿದ ರೋಗಿಗಳಿಗೆ ಅಲ್ಲಿ ಔಷಧಿ, ಊಟ, ಕೆಲಸ ಸಿಗುತ್ತಿತ್ತು. ಹೆಂಡತಿ ಗ್ಲಾಡಿಸ್ ನರ್ಸ್ ಆಗಿದ್ದವರು. ಸ್ಟೇನ್ಸ್ ಆದಿವಾಸಿಗಳನ್ನು ಮತಾಂತರ ಮಾಡುತ್ತಿದ್ದಾರೆ ಎಂಬುದು ಗುಂಪಿನ ಸಿಟ್ಟು. ಕೇಂದ್ರ ಸರ್ಕಾರ ತನಿಖೆಗೆ ನೇಮಿಸಿದ ನ್ಯಾಯಮೂರ್ತಿ ವಾಧ್ವಾ ಆಯೋಗ ಅಂಕಿಅಂಶ ತೆಗೆದು ನೋಡಿತು. ಆ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಅಸಹಜವಾಗಿ ಏರಿಲ್ಲ ಎಂದಿತು. ಗುಂಪು ಮಾತ್ರ ಲೆಕ್ಕ ಕೇಳುವುದಿಲ್ಲ. ಮುಂದೆ ಇದ್ದವನು ಕೂಗಿದ್ದೇ ಹಿಂದಿನವನಿಗೆ ಸತ್ಯ.

ಗುಂಪಿನ ಈ ಸ್ವಭಾವ ಬೈಬಲ್ ಓದಿದವರಿಗೆ ಹೊಸದಲ್ಲ. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಸ್ವಾಗತಿಸಿದರು. ಅದೇ ವಾರ, ಅದೇ ಊರಿನಲ್ಲಿ, ಪಿಲಾತನ ಮುಂದೆ ಸೇರಿದ ಜನ ಅವನನ್ನು ಶಿಲುಬೆಗೆ ಹಾಕಿ ಎಂದು ಕೂಗಿದರು. ಯೇಸುವಿನ ಆಪ್ತ ಶಿಷ್ಯ ಪೇತ್ರನೂ ಅಂದು ರಾತ್ರಿ ಜನರ ನಡುವೆ ಬೆಂಕಿ ಕಾಯಿಸಿಕೊಳ್ಳುತ್ತಾ, ಅವನು ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿಬಿಟ್ಟ. ಸುತ್ತ ಇದ್ದವರಿಗೆ ಹೆದರಿ ಆಡಿದ ಮಾತು ಅದು. ಮುಂದೆ ಯೇಸು ಅದೇ ಪೇತ್ರನನ್ನು ಹೆಸರು ಹಿಡಿದು ಕರೆದು, ನನ್ನ ಮೇಲೆ ಪ್ರೀತಿ ಇದೆಯಾ ಎಂದು ಮೂರು ಸಲ ಕೇಳುತ್ತಾನೆ. ಶಿಲುಬೆಯ ಮೇಲಿದ್ದಾಗಲೂ ತನ್ನನ್ನು ಕೊಲ್ಲುತ್ತಿದ್ದವರನ್ನು ಕ್ಷಮಿಸು ಎಂದು ಪ್ರಾರ್ಥಿಸಿದ ಎನ್ನುತ್ತದೆ ಲೂಕನ ಸುವಾರ್ತೆ.

ಗ್ಲಾಡಿಸ್ ನಂಬಿಕೊಂಡಿದ್ದು ಈ ಕಥೆಯನ್ನು. ಗಂಡ, ಇಬ್ಬರು ಮಕ್ಕಳು ಹೋದ ಕೆಲವೇ ದಿನಗಳಲ್ಲಿ, ಕೊಂದವರನ್ನು ಕ್ಷಮಿಸಿದ್ದೇನೆ, ನನಗೆ ಯಾರ ಮೇಲೂ ದ್ವೇಷವಿಲ್ಲ ಎಂದರು. ಕ್ಷಮೆ ಯಾರೂ ಕೇಳಿರಲಿಲ್ಲ. ಉಳಿದ ಮಗಳು ಎಸ್ತರ್ ಜೊತೆ ಬಾರಿಪದದಲ್ಲೇ ಇದ್ದು ಆಶ್ರಮದ ಕೆಲಸ ಮುಂದುವರಿಸಿದರು. 2004ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಕ್ಷಮಿಸಿದರೆ ಅಪರಾಧಿ ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಆಗಲೂ ಕೆಲವರು ಕೇಳಿದರು. ಗ್ಲಾಡಿಸ್ ಎರಡನ್ನೂ ಬೇರೆ ಬೇರೆ ಇಟ್ಟಿದ್ದರು. ಮನಸ್ಸಿನ ಕಹಿ ಬಿಡುವುದು ತನ್ನ ಕೆಲಸ, ತೀರ್ಪು ಕೊಡುವುದು ಕಾನೂನಿನ ಕೆಲಸ. ಕಾನೂನು ತನ್ನ ದಾರಿ ಹಿಡಿಯಿತು. 2003ರಲ್ಲಿ ಭುವನೇಶ್ವರದ ಸಿಬಿಐ ನ್ಯಾಯಾಲಯ 13 ಮಂದಿಯನ್ನು ತಪ್ಪಿತಸ್ಥರೆಂದಿತು. ಮುಂದಾಳು ದಾರಾ ಸಿಂಗ್‌ಗೆ ಗಲ್ಲು, ಉಳಿದವರಿಗೆ ಜೀವಾವಧಿ. 2005ರಲ್ಲಿ ಹೈಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು, ಸಾಕ್ಷ್ಯ ಸಾಲದೆಂದು 11 ಮಂದಿಯನ್ನು ಬಿಟ್ಟಿತು. ಉಳಿದವರು ದಾರಾ ಸಿಂಗ್ ಮತ್ತು ಮಹೇಂದ್ರ ಹೆಂಬ್ರಮ್. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಆ ರಾತ್ರಿ ಬಂದವರು ಹತ್ತಾರು ಮಂದಿ, ಕೊನೆಗೆ ಲೆಕ್ಕಕ್ಕೆ ಸಿಕ್ಕವರು ಇಬ್ಬರು. ಗುಂಪಿನಲ್ಲಿ ಹೋಗುವವನ ಧೈರ್ಯವೇ ಇದು: ಎಲ್ಲರೂ ಮಾಡಿದ್ದು, ನಾನೊಬ್ಬನೇ ಅಲ್ಲ. ಕತ್ತಲೆಯಲ್ಲಿ ಯಾರು ಎಲ್ಲಿ ನಿಂತಿದ್ದರು ಎಂದು ಸಾಬೀತು ಮಾಡುವುದು ಕೋರ್ಟಿಗೂ ಕಷ್ಟ.

ಆದರೆ ಗುಂಪು ಕರಗಿದ ಮೇಲೆ ಪ್ರತಿಯೊಬ್ಬನೂ ತನ್ನ ಮನೆಗೆ ಒಬ್ಬನೇ ಹೋಗಬೇಕು. ಗ್ಲಾಡಿಸ್ ಕೊಟ್ಟ ಕ್ಷಮೆ ಕಾಯುತ್ತಿರುವುದು ಅಲ್ಲಿ. ಅದನ್ನು ತೆಗೆದುಕೊಳ್ಳಬೇಕಾದರೆ ಅಂದು ಅಲ್ಲಿ ನಾನಿದ್ದೆ ಎಂದು ಒಬ್ಬ ಮನುಷ್ಯ ತನ್ನ ಬಾಯಿಂದಲೇ ಹೇಳಬೇಕು. ಗುಂಪು ಆ ಮಾತನ್ನು ಅವನ ಪರವಾಗಿ ಹೇಳಲಾರದು.