ವಾಲಿಬಾಲ್‌ನ ಶಾಲಾ ರೂಪಗಳು

ವಾಲಿಬಾಲ್‌ನ ಒಂದೆರಡು ನಿಯಮಗಳನ್ನು ಸಡಿಲಿಸಿ ಇಲ್ಲವೇ ಬಿಗಿಗೊಳಿಸಿ ಪ್ರೌಢಶಾಲೆಯ ಮಕ್ಕಳು ಆಡಬಹುದಾದ ಆಟಗಳು. ಮೂಲ ಆಟದ ಕಷ್ಟವೆಲ್ಲ ಚೆಂಡನ್ನು ಹಿಡಿಯಬಾರದು ಎಂಬ ನಿಯಮದಲ್ಲಿದೆ. ಹೊಸಬರ ಆಟದಲ್ಲಿ ಸರ್ವಿಸ್ ನೆಟ್ಟಿಗೆ ಬಡಿಯುತ್ತದೆ. ದಾಟಿದರೂ ಯಾರದೋ ಮುಂಗೈಗೆ ತಗುಲಿ ಅಂಕಣದಾಚೆ ಹಾರುತ್ತದೆ. ಅದನ್ನು ತರಲು ಒಬ್ಬ ಓಡುತ್ತಾನೆ, ಉಳಿದವರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಯಾವ ರೂಪಾಂತರವೇ ಆಗಲಿ, ಶಾಲೆಗೆ ಅದು ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಈ ಕಾಯುವಿಕೆಯನ್ನು ಎಷ್ಟು ತಗ್ಗಿಸುತ್ತದೆ ಎಂಬುದರಿಂದಲೇ ಅಳೆಯಬೇಕು.

ಈಗ ನಾವು ಕಾಣುವ ವಾಲಿಬಾಲ್ ಕೂಡ ಹುಟ್ಟುವಾಗ ಹೀಗಿರಲಿಲ್ಲ. 1895ರಲ್ಲಿ ಅಮೆರಿಕದ ಹೋಲ್ಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಇದನ್ನು ರೂಪಿಸಿದ್ದು ಬ್ಯಾಸ್ಕೆಟ್‌ಬಾಲ್‌ನ ಓಟ ತಾಳಲಾರದ ನಡುವಯಸ್ಸಿನವರಿಗಾಗಿ. ತಂಡದಲ್ಲಿ ಎಷ್ಟು ಜನ ಬೇಕಾದರೂ ಇರಬಹುದಿತ್ತು; ಚೆಂಡು ಆಚೆ ಹೋಗುವ ಮುನ್ನ ಎಷ್ಟು ಸಲ ಮುಟ್ಟಿದರೂ ನಡೆಯುತ್ತಿತ್ತು. ತಂಡಕ್ಕೆ ಆರು ಜನ, ಮೂರೇ ಹೊಡೆತ ಎಂಬ ಕಟ್ಟುಪಾಡು ಬಂದದ್ದು ಸುಮಾರು 1920ರ ಹೊತ್ತಿಗೆ. ಏಷ್ಯಾದಲ್ಲಿ ಬಹುಕಾಲ ಒಂಬತ್ತು ಜನರ ಆಟವೇ ರೂಢಿಯಲ್ಲಿತ್ತು, ಜಪಾನಿನಲ್ಲಿ ಇಂದಿಗೂ ಇದೆ. ಎಪ್ಪತ್ತು ಮಕ್ಕಳ ತರಗತಿಗೆ ಒಂದೇ ಅಂಕಣವಿರುವ ಶಾಲೆಯಲ್ಲಿ ಒಂಬತ್ತರ ಲೆಕ್ಕವೇ ವಾಸಿ.

ಹಿಡಿದು ಎಸೆಯುವ ಆಟಗಳು ಈ ಬಳಗದಲ್ಲಿ ಅತ್ಯಂತ ಸುಲಭ. ನ್ಯೂ ಆರ್ಲಿಯನ್ಸ್‌ನ ನ್ಯೂಕಂಬ್ ಮಹಿಳಾ ಕಾಲೇಜಿನಲ್ಲಿ ಕ್ಲಾರಾ ಬೇರ್ 1895ರಲ್ಲೇ ರೂಪಿಸಿದ ನ್ಯೂಕಂಬ್ ಬಾಲ್ ಇವುಗಳಲ್ಲಿ ಹಳೆಯದು. ಕರ್ನಾಟಕದ ಶಾಲೆಗಳಿಗೆ ಚಿರಪರಿಚಿತವಾದ ತ್ರೋಬಾಲ್ ಇದೇ ಜಾತಿಯದು. ಭಾರತದಲ್ಲಿ ಅದು ಮದ್ರಾಸಿನ ವೈಎಂಸಿಎ ಮೂಲಕ ಬೇರೂರಿತು. ಅಂಕಣ 18.30 ಮೀಟರ್ ಉದ್ದ, 12.20 ಮೀಟರ್ ಅಗಲ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಜೊತೆಗಾರ್ತಿಗೆ ದಾಟಿಸದೆ ಮೂರು ಸೆಕೆಂಡಿನೊಳಗೆ ಭುಜದ ಮೇಲಿಂದ ಒಂದೇ ಕೈಯಲ್ಲಿ ಎಸೆಯಬೇಕು. ಹೋಬಳಿ ಮಟ್ಟದ ಕ್ರೀಡಾಕೂಟದಿಂದಲೇ ಇದು ಹೆಣ್ಣುಮಕ್ಕಳ ಆಟ ಎಂಬ ಮುದ್ರೆ ಬಿದ್ದಿದೆ. ಮುದ್ರೆಗೆ ಆಟದೊಳಗೆ ಕಾರಣವಿಲ್ಲ: ಖಾಲಿ ಮೂಲೆ ನೋಡಿ ರಭಸದಿಂದ ಬಿಟ್ಟ ಎಸೆತವನ್ನು ಹಿಡಿಯಲು ಗಂಡುಮಕ್ಕಳೂ ತಿಣುಕುತ್ತಾರೆ.

ಎಸೆತದಿಂದ ಹೊಡೆತಕ್ಕೆ ದಾಟಿಸುವ ನಡುದಾರಿಯೂ ಉಂಟು. ಎದುರಾಳಿಯ ಸರ್ವಿಸನ್ನು ಹಿಡಿಯಬಹುದು, ಆದರೆ ಹಿಡಿದವರು ತಾವೇ ಮೇಲಕ್ಕೆ ಚಿಮ್ಮಿಸಿ ಜೊತೆಗಾರರಿಗೆ ಪಾಸ್ ಮಾಡಬೇಕು; ಎರಡನೆಯ, ಮೂರನೆಯ ಮುಟ್ಟು ನಿಜವಾದ ವಾಲಿಬಾಲ್‌ನದೇ ಆಗಿರಬೇಕು. ಲಿಫ್ಟ್ ಮಾಡಲು ಚೆಂಡೇ ಸಿಗದೆ ಬೇಸತ್ತ ಮಕ್ಕಳಿಗೆ ಇದರಿಂದ ಪ್ರತಿ ಸರದಿಯಲ್ಲೂ ಒಂದು ಲಿಫ್ಟ್, ಒಂದು ಸ್ಮ್ಯಾಶ್ ಖಾತ್ರಿ. ಚೆಂಡು ಒಂದು ಪುಟ ನೆಗೆಯಲು ಅವಕಾಶ ಕೊಡುವುದು ಇನ್ನೊಂದು ಉಪಾಯ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಬೇರೂರಿರುವ ಫೌಸ್ಟ್‌ಬಾಲ್ ಎಂಬ ಮುಷ್ಟಿ ಚೆಂಡಾಟದ ನಿಯಮವೇ ಹಾಗಿದೆ. ಮಣ್ಣಿನ ಅಂಕಣದಲ್ಲಿ ಮಾತ್ರ ಪುಟ ಯಾವ ದಿಕ್ಕಿಗೆ ಹೋದೀತೆಂದು ಹೇಳಲಾಗದು.

ಕುಳಿತು ಆಡುವ ವಾಲಿಬಾಲ್ 1950ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಅಂಗವಿಕಲರಿಗಾಗಿ ಬೆಳೆಯಿತು. 1980ರಿಂದ ಪ್ಯಾರಾಲಿಂಪಿಕ್ಸ್‌ನ ಪದಕದ ಆಟ. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್ಟಿನ ಎತ್ತರ ಪುರುಷರಿಗೆ 1.15, ಮಹಿಳೆಯರಿಗೆ 1.05 ಮೀಟರ್. ಚೆಂಡು ಮುಟ್ಟುವಾಗ ಪೃಷ್ಠದಿಂದ ಭುಜದವರೆಗಿನ ಯಾವುದಾದರೂ ಭಾಗ ನೆಲಕ್ಕೆ ತಾಗಿರಲೇಬೇಕು. ಸರ್ವಿಸನ್ನೂ ಬ್ಲಾಕ್ ಮಾಡಬಹುದು. ನೋಡಲು ಆರಾಮದ ಆಟ, ಆಡಿದರೆ ಬೇರೆ ಕತೆ: ಜರುಗಲು ನೆಲಕ್ಕೆ ಊರಬೇಕಾದದ್ದೂ ಕೈ, ಚೆಂಡಿಗೆ ಎತ್ತಬೇಕಾದದ್ದೂ ಅದೇ ಕೈ. ಹೊಸಬರು ಚೆಂಡು ಬಂದ ಮೇಲೆ ಜರುಗಲು ಹೊರಟು ಸೋಲುತ್ತಾರೆ. ಪಳಗಿದವರು ಎದುರಾಳಿಯ ತೋಳು ನೋಡಿ ಮೊದಲೇ ಜರುಗಿ, ಕೈ ಖಾಲಿ ಮಾಡಿಕೊಂಡಿರುತ್ತಾರೆ. ಎತ್ತರದ ಹುಡುಗನ ನೆಗೆತಕ್ಕೆ ಇಲ್ಲಿ ಬೆಲೆಯಿಲ್ಲ. ಅಂಗವಿಕಲ ಸಹಪಾಠಿ ಅಂಪೈರ್ ಕುರ್ಚಿಯಲ್ಲಿ ಕೂರದೆ ಆಟಗಾರನೇ ಆಗುವ ರೂಪವಿದು. ನುಣುಪು ನೆಲ ಬೇಕೆಂಬುದೊಂದೇ ತೊಡಕು.

ನೆಟ್ಟಿನ ಮೇಲೆ ಜಮಖಾನ ಇಲ್ಲವೇ ಟಾರ್ಪಾಲು ಹೊದಿಸಿ ಆಡುವುದನ್ನು ಕುರುಡು ವಾಲಿಬಾಲ್ ಎನ್ನುತ್ತಾರೆ. ಆಚೆಯವರ ಕಾಲುಗಳಷ್ಟೇ ಕಾಣುವುದರಿಂದ ಚೆಂಡು ಎಲ್ಲಿಂದ ಇಣುಕುವುದೋ ತಿಳಿಯದು. ‘ನಂದು, ನಂದು’ ಎಂದು ಕೂಗುವ ಅಭ್ಯಾಸ ಇದರಲ್ಲಿ ತಾನಾಗಿ ಬರುತ್ತದೆ. ಕೂಗದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಗಾಳಿಯಿರುವ ದಿನ ಇದು ಬೇಡ, ಕಂಬವೇ ವಾಲುತ್ತದೆ.

ಕಾಲು, ತಲೆಗಳಿಂದ ಆಡುವ ಆಗ್ನೇಯ ಏಷ್ಯಾದ ಸೆಪಕ್ ತಕ್ರಾ ಸೊಗಸಾದ ಆಟ. ಮಣಿಪುರದಲ್ಲಿ ಅದು ಜೋರಾಗಿದೆ; 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡ ಕಂಚು ಗೆದ್ದಿತು. ಆದರೆ ಅದರ ಕೌಶಲಕ್ಕೆ ವರ್ಷಗಳ ಸಾಧನೆ ಬೇಕು, ಒಂದು ಪೀರಿಯಡ್‌ನ ವಿನೋದಕ್ಕೆ ಒಗ್ಗದು. ಬ್ಯಾಡ್ಮಿಂಟನ್ ಡಬಲ್ಸ್ ಅಳತೆಯ ಅದರ ಅಂಕಣದಲ್ಲಿ ಬೆಲೂನ್ ಅಥವಾ ಹಗುರ ಬೀಚ್ ಚೆಂಡು ಹಿಡಿದು ಅನುಕರಿಸಿದರೆ ನಗುವಿಗೆ ಬರವಿಲ್ಲ.

ದೊಡ್ಡ ತರಗತಿಗೆ ತಕ್ಕದ್ದು ‘ಅಂಕಣದ ರಾಜ’. ಮೂವರು ಮೂವರ ತಂಡಗಳು ಒಂದು ಗೆರೆಯ ಹಿಂದೆ ಸಾಲಾಗಿ ನಿಲ್ಲುತ್ತವೆ. ನೆಟ್ಟಿನ ಒಂದು ಬದಿ ರಾಜನದು, ಅಂಕ ಸಿಗುವುದು ಅಲ್ಲಿದ್ದವರಿಗೆ ಮಾತ್ರ. ಸವಾಲು ಹಾಕಿದ ತಂಡ ಗೆದ್ದರೆ ರಾಜನ ಬದಿಗೆ ಓಡುತ್ತದೆ, ಸೋತರೆ ಸಾಲಿನ ಕೊನೆಗೆ. ಅಷ್ಟರಲ್ಲೇ ಮುಂದಿನ ತಂಡ ಸರ್ವಿಸ್ ಮಾಡಿಬಿಟ್ಟಿರುತ್ತದೆ. ನೆಟ್ಟಿನ ಎತ್ತರ ವಯಸ್ಕ ಪುರುಷರ 2.43, ಮಹಿಳೆಯರ 2.24 ಮೀಟರೇ ಆಗಬೇಕಿಲ್ಲ. ಎಂಟನೇ ತರಗತಿಯವರಿಗೆ 2 ಮೀಟರ್ ಸಾಕು, ಅದಕ್ಕೆ ಹಳೆಯ ಬ್ಯಾಡ್ಮಿಂಟನ್ ಬಲೆ ಇಲ್ಲವೇ ಎರಡು ಕಂಬಗಳ ನಡುವೆ ಬಿಗಿದ ಹಗ್ಗವೂ ಆದೀತು.