ಒಡೆದ ಮನೆಗೂ ಗಿರಾಕಿ ಇದ್ದ ಕಾಲ

ಮಂಡ್ಯ ಕಡೆಯೋರಿಗೆ ಕನ್ನಂಬಾಡಿ ಕಟ್ಟೆ ಅಂದ್ರೆ ದೇವರ ಸಮಾನ. ಆದರೆ ಆ ಕಟ್ಟೆಯ ಕಲ್ಲುಗಳನ್ನ ಹಿಡಿದಿಟ್ಟಿರೋದು ಏನು ಅಂತ ನಮ್ಮ ಆಫೀಸಿನಲ್ಲಿ ಕೇಳಿ ನೋಡಿ, ಸಿಮೆಂಟು ಅಂತಾರೆ. ಅಲ್ಲ. 1911ರಲ್ಲಿ ಕೆಲಸ ಶುರುವಾದಾಗ ಸಿಮೆಂಟು ಬಹುಪಾಲು ಇಂಗ್ಲೆಂಡಿನಿಂದ ಹಡಗಲ್ಲಿ ಬರ್ತಿದ್ದ ದುಬಾರಿ ಸಾಮಾನು. ವಿಶ್ವೇಶ್ವರಯ್ಯನವರ ಕಟ್ಟೆಗೆ ಬಳಸಿದ್ದು ಸುಣ್ಣ ಮತ್ತು ಸುರ್ಕಿ. ಸುರ್ಕಿ ಅಂದ್ರೆ ಸುಟ್ಟ ಇಟ್ಟಿಗೆಯ ಪುಡಿ, ಅಷ್ಟೇ. ಅದು ಸುಣ್ಣದ ಜೊತೆ ಸೇರಿದರೆ ನೀರೊಳಗೂ ಗಟ್ಟಿಯಾಗುತ್ತೆ.

ಸುರ್ಕಿ ಕನ್ನಂಬಾಡಿಗಾಗಿ ಕಂಡುಹಿಡಿದಿದ್ದೇನಲ್ಲ. ಗಾರೆ ಕೆಲಸ ಇದ್ದ ಕಡೆಯೆಲ್ಲ ಇದು ಗೊತ್ತಿತ್ತು. ಒಡೆದ ಇಟ್ಟಿಗೆ, ಚೂರಾದ ಹೆಂಚು ತಿಪ್ಪೆಗೆ ಹೋಗ್ತಿರಲಿಲ್ಲ. ಎತ್ತು ಕಟ್ಟಿ, ಕಲ್ಲಿನ ಗಾಲಿ ತಿರುಗಿಸಿ, ಸುಣ್ಣದ ಜೊತೆ ಅರೆದು ಮುಂದಿನ ಗೋಡೆಗೆ ಮೆತ್ತೋರು. ಇವತ್ತು ನಾವು ರೀಸೈಕ್ಲಿಂಗ್ ಅಂತ ಸ್ಲೈಡ್ ಮಾಡಿ ತೋರಿಸೋದನ್ನ ಅವರು ಹೆಸರೇ ಇಡದೆ ಮಾಡ್ಕೊಂಡು ಹೋಗ್ತಿದ್ದರು.

ಕೆಡವೋದು ನಮ್ಮ ಸೀಮೆಗೆ ಹೊಸದಲ್ಲ. ಹೈದರ್ ಮತ್ತೆ ಕಟ್ಟಿಸಿದ್ದ ಮದ್ದೂರಿನ ಕೋಟೆಯನ್ನ 1791ರಲ್ಲಿ ಕಾರ್ನ್‌ವಾಲಿಸ್ ಕೆಡವಿಸಿದ. 1799ರಲ್ಲಿ ಮಳವಳ್ಳಿ ಹತ್ತಿರ ಸೋತ ಟಿಪ್ಪು, ಆರು ವಾರ ಕಳೆಯೋದರೊಳಗೆ ಶ್ರೀರಂಗಪಟ್ಟಣದಲ್ಲಿ ಸತ್ತ. ಅವನ ಅರಮನೆಯೂ ಉಳೀಲಿಲ್ಲ. ಆದರೆ ಅರಮನೆಯ ಮರ ಉಳೀತು. ಭಾರೀ ತೊಲೆಗಳು ಘಟ್ಟ ಹತ್ತಿ ಊಟಿ ಸೇರಿದವು. 1829ರಲ್ಲಿ ಅಡಿಗಲ್ಲು ಹಾಕಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ನಿಂತಿರೋದು ಅವುಗಳ ಮೇಲೆ. ಟೂರಿಗೆ ಹೋದಾಗ ತಲೆಯೆತ್ತಿ ನೋಡಿ, ನಮ್ಮೂರ ಕಡೆಯ ಸಾಮಾನು. ಸೋತವನ ಮನೆ ಕೊಳ್ಳೆ ಹೊಡೆದದ್ದನ್ನ ಹೊಗಳ್ತಿಲ್ಲ. ಗೆದ್ದವನಿಗೂ ಮರ ಬಿಸಾಕೋ ಯೋಚನೆ ಬರಲಿಲ್ಲ ಅನ್ನೋದಷ್ಟೇ ನನಗೆ ಮುಖ್ಯ.

ಹಳ್ಳಿ ಮನೆಗಳದ್ದೂ ಇದೇ ಲೆಕ್ಕ. ತೊಟ್ಟಿಮನೆ ಬೀಳಿಸೋ ಮುಂಚೆಯೇ ಕಂಬ ಯಾರಿಗೆ, ಬಾಗಿಲುವಾಡ ಯಾರಿಗೆ, ನಾಡಹೆಂಚು ಯಾರ ಕೊಟ್ಟಿಗೆಗೆ ಅಂತ ಮಾತಾಗಿರೋದು. ಗೋಡೆ ಮಣ್ಣು ಗಾಡಿಯಲ್ಲಿ ಹೊಲಕ್ಕೆ. ಅಡಿಪಾಯದ ಕಲ್ಲು ಮತ್ತೆ ಅಡಿಪಾಯಕ್ಕೆ. ಕೊನೆಗೆ ಉಳಿಯೋದು ಒಂದು ಮಂಕರಿ ಕಸ.

ಇದು ಅವರ ಒಳ್ಳೇತನ ಮಾತ್ರ ಅಲ್ಲ, ಬಡತನವೂ ಹೌದು. ಅದಕ್ಕಿಂತ ದೊಡ್ಡ ಕಾರಣ ಗೋಡೆ ಒಳಗಿತ್ತು. ಮಣ್ಣು, ಸುಣ್ಣದ ಗಾರೆ ಎರಡೂ ಇಟ್ಟಿಗೆಗಿಂತ ಮೆದು. ಹಾರೆಯಲ್ಲಿ ಮೀಟಿದ್ರೆ ಗಾರೆ ಉದುರುತ್ತೆ, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತೆ. ಸಿಮೆಂಟು ಗಾರೆ ಎಷ್ಟೋ ಸಲ ಇಟ್ಟಿಗೆಗಿಂತ ಗಟ್ಟಿ. ಮೀಟಿದ್ರೆ ಇಟ್ಟಿಗೆಯೇ ಒಡೆಯುತ್ತೆ. ಇನ್ನು ಆರ್‌ಸಿಸಿಯಲ್ಲಿ ಕಬ್ಬಿಣ, ಜಲ್ಲಿ, ಮರಳು, ಸಿಮೆಂಟು ಎಲ್ಲ ಒಂದೇ ಮುದ್ದೆ. ನಮ್ಮ ಕಸುಬಿನವರಿಗೆ ಹೇಳೋದಾದ್ರೆ, ಬಿಡಿಬಿಡಿ ಮಾಡ್ಯೂಲ್ ಇದ್ದ ಪ್ರೋಗ್ರಾಮನ್ನ ಹೋಗಿ ಯಾರೂ ಬಿಚ್ಚಲಾಗದ ಒಂದೇ ಫೈಲ್ ಮಾಡಿಟ್ಟ ಹಾಗೆ. ಅದರ ಮೇಲೆ ಜೆಸಿಬಿ ಬಂತು. ಎಂಟು ಜನ ಹದಿನೈದು ದಿನ ಬಿಚ್ಚುತ್ತಿದ್ದ ಮನೆಯನ್ನ ಅದು ಒಂದು ಬೆಳಗ್ಗೆ ಪುಡಿ ಮಾಡುತ್ತೆ. ಬೇಗ ಕೆಡವಿದಷ್ಟೂ ಬೆರಕೆ ಜಾಸ್ತಿ.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆಯಿತು. ಊರಿಗೆ ಬೇಗ ತಲುಪ್ತೀನಿ, ಸುಳ್ಳು ಹೇಳಲ್ಲ, ಖುಷಿಯೇ. ಆದರೆ ರಸ್ತೆ ಬಂದ ಮೇಲೆ ಸೈಟಿನ ರೇಟು ಏರಿತು, ಹಳೇ ಮನೆ ಕೆಡವಿ ಡ್ಯೂಪ್ಲೆಕ್ಸ್ ಎಬ್ಬಿಸೋ ಉಮೇದೂ ಏರಿತು. ಕೆಡವಿಸ್ತಿರೋದು ಯಾರು? ನಾವೇ, ಬೆಂಗಳೂರಿನ ಸಂಬಳ. ಮೇಸ್ತ್ರಿಯ ಎಸ್ಟಿಮೇಟಿನಲ್ಲಿ ಹತ್ತು ಥರದ ಟೈಲ್ಸ್ ರೇಟು ಕೇಳ್ತೀವಿ. 'ಡೆಬ್ರಿ ಸಾಗಿಸೋದು' ಅನ್ನೋ ಒಂದು ಸಾಲಿಗೆ 'ಎಲ್ಲಿಗೆ?' ಅಂತ ಮಾತ್ರ ಕೇಳಲ್ಲ. ರಾತ್ರಿ ಟ್ರ್ಯಾಕ್ಟರ್ ಹೋಗೋದು ಕೆರೆ ಅಂಗಳಕ್ಕೆ, ಇಲ್ಲ ನಾಲೆ ಏರಿಗೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಎಷ್ಟೋ ಕಡೆ ಕೆರೆ ಅಂದ್ರೆ ಖಾಲಿ ಜಾಗ ಅನ್ನೋ ಹಾಗಾಗಿಬಿಟ್ಟಿದೆ. ಕೆರೆಗೆ ನೀರು ತರೋ ಕಾಲುವೆಗೆ ನಾಲ್ಕು ಲೋಡ್ ಕಾಂಕ್ರೀಟ್ ಬಿದ್ರೆ ಮಳೆ ನೀರು ಬೇರೆಯವರ ಗದ್ದೆಗೆ ನುಗ್ಗುತ್ತೆ.

ಕಾನೂನು ಇಲ್ವಾ? ಇದೆ. 2016ರ ಮಾರ್ಚ್‌ನಲ್ಲೇ ಕಟ್ಟಡ ತ್ಯಾಜ್ಯಕ್ಕೆ ಅಂತ ಪ್ರತ್ಯೇಕ ನಿಯಮ ಬಂತು. ದಿನಕ್ಕೆ 20 ಟನ್, ಅಥವಾ ಒಂದು ಕಾಮಗಾರಿಯಲ್ಲಿ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ತ್ಯಾಜ್ಯ ಮಾಡೋರು ಕಾಂಕ್ರೀಟ್, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ ಅಂತ ಬೇರೆ ಮಾಡಿ, ಪ್ಲಾನ್ ಕೊಡಬೇಕು ಅಂತ ಅದರಲ್ಲಿತ್ತು. 2025ರ ಹೊಸ ನಿಯಮ ಇನ್ನೂ ಮೇಲಕ್ಕೆ ಹೋಗಿ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳವರಿಗೆ ಮರುಬಳಕೆಯ ಹೊಣೆ ಹೊರಿಸುತ್ತೆ. ಸರಿಯೇ. ಆದರೆ ಮಳವಳ್ಳಿಯ ಮೂವತ್ತು-ನಲವತ್ತರ ಮನೆ ಈ ಹೊಸ ಗೆರೆಯ ಹತ್ತಿರಕ್ಕೂ ಬರಲ್ಲ. ಸಣ್ಣವರೂ ರಸ್ತೆಗೆ, ಚರಂಡಿಗೆ ಸುರಿಯಬಾರದು ಅಂತ 2016ರ ನಿಯಮದಲ್ಲೇ ಇತ್ತು. ಸುರಿಯೋಕೆ ಗುರುತು ಮಾಡಿದ ಜಾಗ ಹತ್ತಿರದಲ್ಲಿ ಇಲ್ಲದಿದ್ರೆ ಆ ಮಾತು ಕಾಗದದಲ್ಲೇ ಉಳಿಯುತ್ತೆ. ಪುಡಿ ಮಾಡಿದ ಹಳೇ ಕಾಂಕ್ರೀಟನ್ನ ಜಲ್ಲಿಗೆ ಬದಲಾಗಿ ಒಂದು ಮಿತಿಯಲ್ಲಿ ಬಳಸಬಹುದು ಅಂತ ಐಎಸ್ 383 ಮಾನದಂಡವೂ 2016ರಲ್ಲೇ ಒಪ್ಪಿದೆ. ಅಂದ್ರೆ ಸುರ್ಕಿಯ ತಮ್ಮನಿಗೆ ಪರ್ಮಿಷನ್ ಸಿಕ್ಕಿದೆ, ಅರೆಯೋ ಗಾಲಿ ಮಾತ್ರ ತಾಲ್ಲೂಕಿಗೆ ಬರಬೇಕು.

ಹೋದ ವರ್ಷ ನಮ್ಮೂರಲ್ಲಿ ದೂರದ ಸಂಬಂಧಿಯೊಬ್ಬರು, ನಾನು ದೊಡ್ಡಪ್ಪ ಅಂತ ಕರೆಯೋರು, ಮನೆ ಕೆಡವಿಸಿದರು. 'ಜೆಸಿಬಿ ಆಮೇಲೆ ಬರ್ಲಿ ಕಣಪ್ಪ, ಮೊದ್ಲು ಕೈಲಿ ಬಿಚ್ಚಿ' ಅಂದ್ರು. ಹೆಂಚು ಕೊಟ್ಟಿಗೆಗೆ ಹೋಯಿತು, ಗೋಡೆ ಮಣ್ಣು ತೆಂಗಿನ ತೋಟಕ್ಕೆ, ಜಂತೆಗಳು ಹಳೇ ಮರದ ವ್ಯಾಪಾರಿಗೆ. ತೊಂಬತ್ತರ ದಶಕದಲ್ಲಿ ಮುಂದಕ್ಕೆ ಕಟ್ಟಿದ್ದ ಆರ್‌ಸಿಸಿ ರೂಮಿನ ಕಬ್ಬಿಣವನ್ನ ಗುಜರಿಯವನು ಎಳ್ಕೊಂಡು ಹೋದ. ಮಿಕ್ಕ ಕಾಂಕ್ರೀಟು ಎರಡು ಟ್ರ್ಯಾಕ್ಟರ್ ಲೋಡ್. ಯಾರಿಗೂ ಬೇಡ. ಕೆರೆಗೆ ಸುರಿಯೋಕೆ ದೊಡ್ಡಪ್ಪ ಬಿಡಲಿಲ್ಲ. ಅದಿನ್ನೂ ಮನೆ ಪಕ್ಕ ಹಾಗೇ ಬಿದ್ದಿದೆ.